ನಮ್ಮ ಅಕ್ಕನ ಎಂಟನೇ ಎತ್ತು

ನಮ್ಮ ಅಕ್ಕನಷ್ಟು ತಪ್ಪದೆ ಶಾಲೆಗೆ ಹೋಗುವವರು ಇಡೀ ಕೊಪ್ಪಳ ಜಿಲ್ಲೆಯಲ್ಲಿ ಇನ್ನೊಬ್ಬರಿಲ್ಲ ಎಂದು ಯಾವ ದೇವರ ಮುಂದೆ ಬೇಕಾದರೂ ಪ್ರಮಾಣ ಮಾಡಬಲ್ಲೆ. ಜ್ವರ ಬಂದರೂ ಹೋಗುತ್ತಾಳೆ, ಮನೆಗೆ ಬೀಗರು ಬಂದರೂ ಹೋಗುತ್ತಾಳೆ, ಕಾಗೆ ಕೂಡ ಗೂಡು ಬಿಟ್ಟು ಹೊರಡದ ಬಿಸಿಲಿನಲ್ಲೂ ಹೋಗುತ್ತಾಳೆ. ತೊಂದರೆ ಒಂದೇ. ಅವಳು ಅಲ್ಲಿ ಓದುವ ಹುಡುಗಿಯೂ ಅಲ್ಲ, ಪಾಠ ಹೇಳುವ ಅಕ್ಕೋರೂ ಅಲ್ಲ! ವಯಸ್ಸು ನಲವತ್ತು ದಾಟಿದೆ. ಅವಳ ಮಗ ಆ ಶಾಲೆಯಲ್ಲಿ ಓದುತ್ತಾನೆ, ನಿಜ. ಆದರೆ ಆ ಮಹಾಶಯ ತಿಂಗಳಿಗೆ ಎರಡು ದಿನ ಹೊಟ್ಟೆನೋವು ತರಿಸಿಕೊಂಡು ಮನೆಯಲ್ಲಿ ಮಲಗುತ್ತಾನೆ. ಅಂಥ ದಿನವೂ ಅಕ್ಕ ತಪ್ಪಿಸುವುದಿಲ್ಲ. ನೆಟ್ಟಗೆ ತರಗತಿಯ ಬಾಗಿಲಿಗೆ ಹೋಗಿ, "ಸರ್, ನನ್ನ ಮಗಾ ಬಂದಿಲ್ರಿ, ಗೈರುಹಾಜರಿ ಹಾಕ್ರಿ. ಹೊಟ್ಟಿನೋವು ಅಂತ ಚೀಟಿ ಕಳಿಸ್ಯಾನ, ಅದು ಸುಳ್ಳೈತಿ" ಎಂದು ಹೇಳಿ ಬರುತ್ತಾಳೆ. ಹೆತ್ತ ತಾಯಿ, ಸ್ವಾಮಿ!

ಅಕ್ಕ ಅಲ್ಲಿಯ ಎಸ್‌ಡಿಎಂಸಿ ಅಧ್ಯಕ್ಷೆ. ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ಸರ್ಕಾರಿ ಶಾಲೆಯನ್ನು ಅಲ್ಲಿ ಓದುವ ಮಕ್ಕಳ ತಂದೆತಾಯಿಗಳೇ ನೋಡಿಕೊಳ್ಳಲಿ ಎಂದು ಮಾಡಿರುವ ಸಮಿತಿ ಅದು. ಸಂಬಳವಿಲ್ಲ, ಸಾರಿಗೆಯಿಲ್ಲ. ಅಧ್ಯಕ್ಷರಾದವರು ಸಾಮಾನ್ಯವಾಗಿ ಆಗಸ್ಟ್ ಹದಿನೈದಕ್ಕೊಮ್ಮೆ, ಜನವರಿ ಇಪ್ಪತ್ತಾರಕ್ಕೊಮ್ಮೆ ಇಸ್ತ್ರಿ ಅಂಗಿ ತೊಟ್ಟು ಬಂದು, ಧ್ವಜದ ಪಕ್ಕ ಫೋಟೋ ತೆಗೆಸಿಕೊಂಡು, ಕೈಗೆ ಬಂದ ಎರಡು ಪೆಪ್ಪರ್‌ಮಿಂಟು ಬಾಯಿಗೆ ಹಾಕಿಕೊಂಡು ಹೋಗುತ್ತಾರೆ. ಅದು ನಡೆದು ಬಂದ ಪದ್ಧತಿ. ಆ ಪದ್ಧತಿಯನ್ನು ನಮ್ಮ ಅಕ್ಕನಿಗೆ ಯಾರೂ ಹೇಳಿಕೊಡಲಿಲ್ಲ.

ಅವಳ ಊರು ಸಿದ್ದಾಪುರದ ಆಚೆ, ಕಾಲುವೆಯ ದಂಡೆಯ ಮೇಲಿದೆ. ಊರಿನ ಹೆಸರು ಹೇಳುವುದಿಲ್ಲ. ಹೇಳಿದರೆ ಅಲ್ಲಿಯ ಹೆಡ್ಮಾಸ್ತರಿಗೆ ಮುಜುಗರ. ಯಾಕೆಂದರೆ ಅಕ್ಕನನ್ನು ಅಧ್ಯಕ್ಷೆ ಮಾಡಿದವರು ಅವರೇ.

ಅದಕ್ಕೆ ಕಾರಣ ಸಾಂಬಾರು. ಅಕ್ಕನ ಮಗ, ಅಂದರೆ ನನ್ನ ಸೋದರಳಿಯ, ಮೂರನೇ ತರಗತಿಯಲ್ಲಿದ್ದಾಗ ಒಂದು ದಿನ ಮನೆಗೆ ಬಂದು, "ಯವ್ವಾ, ಇವತ್ತ ಸಾಂಬಾರದಾಗ ನನ್ನ ಮುಖ ಕಾಣಸ್ತು" ಅಂದನಂತೆ. ಬೇರೆ ತಾಯಂದಿರಾದರೆ ನಕ್ಕು ಸುಮ್ಮನಾಗುತ್ತಿದ್ದರು. ಅಕ್ಕ ಮರುದಿನ ಮಧ್ಯಾಹ್ನ ಶಾಲೆಗೆ ಹೋಗಿ ಪಾತ್ರೆಯ ಮೇಲೆ ಬಗ್ಗಿ ನೋಡಿದಳು. ಅವಳ ಮುಖವೂ ಕಾಣಿಸಿತು, ಕಿವಿಯ ಓಲೆ ಸಮೇತ! ಅಡುಗೆಯ ಬಸಮ್ಮನನ್ನು ಕರೆದಳು.

"ಬಸಮ್ಮಾ, ಬ್ಯಾಳಿ ಎಲ್ಲೈತಿ?"

"ಅದರಾಗ ಐತ್ರೀ ಯವ್ವಾ, ಕರಗೈತ್ರಿ."

"ಕರಗೈತೋ, ರಜಾ ಹಾಕೈತೋ?"

ಗದ್ದಲ ಕೇಳಿ ಹೆಡ್ಮಾಸ್ತರು ಓಡಿ ಬಂದರು. ಅವತ್ತೇ ಹೊಸ ಸಮಿತಿ ಆರಿಸುವ ಸಭೆ ಬೇರೆ ಇತ್ತು. ಅಧ್ಯಕ್ಷರಾಗಲು ಒಬ್ಬರೂ ಒಪ್ಪಿರಲಿಲ್ಲ. ಈ ಹೆಣ್ಣುಮಗಳ ಬಾಯಿ ಮುಚ್ಚಿಸಲು ಇದೇ ದಾರಿ ಎಂದುಕೊಂಡು ಅವರು, "ನೋಡ್ರಿ ಯವ್ವಾ, ಎಸ್‌ಡಿಎಂಸಿಯವ್ರು ಬಂದು ಊಟದ ರುಚಿ ನೋಡಬಹುದ್ರಿ. ನೀವ ಅಧ್ಯಕ್ಷರಾಗಿಬಿಡ್ರಿ, ದಿನಾ ಬಂದು ನೋಡ್ರೆಲ್ಲ" ಅಂದರು. ಅವರು ಚೇಷ್ಟೆಗೆ ಅಂದದ್ದು. ಅಕ್ಕ ಅದನ್ನು ಆದೇಶವೆಂದು ತಿಳಿದಳು. ಮರುದಿನದಿಂದ ಹನ್ನೆರಡೂವರೆಗೆ ಸರಿಯಾಗಿ ಕೈಯಲ್ಲಿ ಒಂದು ಬಟ್ಟಲು ಹಿಡಿದುಕೊಂಡು ಹಾಜರ್! ಈಗ ಆ ಶಾಲೆಯ ಸಾಂಬಾರಿನಲ್ಲಿ ಚಮಚ ನಿಲ್ಲುತ್ತದೆ. ಹೆಡ್ಮಾಸ್ತರು ಒಮ್ಮೆ ನನ್ನ ಅಂಗಡಿಗೆ ಬಂದವರು ನಿಟ್ಟುಸಿರು ಬಿಟ್ಟು, "'ದಿನಾ' ಅನ್ನೂ ಶಬ್ದ ನನ್ನ ಬಾಯಾಗ ಯಾಕ ಬಂತೋ ಏನೋ ತಮ್ಮಾ" ಅಂದರು.

ನನ್ನ ಅಂಗಡಿ ಅಂದೆನಲ್ಲ, ಅದು ಗಂಗಾವತಿಯಲ್ಲಿ ಕಚೇರಿಗಳ ಎದುರಿಗಿರುವ ಝೆರಾಕ್ಸ್ ಅಂಗಡಿ. ಜೊತೆಗೆ ಅರ್ಜಿ ಟೈಪಿಂಗು, ಲ್ಯಾಮಿನೇಷನ್ನು. ಅಕ್ಕ ಅಧ್ಯಕ್ಷೆಯಾದ ಮೇಲೆ ನನ್ನ ಅಂಗಡಿಗೆ ಕಾಯಂ ಗಿರಾಕಿ ಸಿಕ್ಕಳು. ಹೆಣ್ಣುಮಕ್ಕಳ ಶೌಚಾಲಯದ ಬಾಗಿಲಿಗೆ ಒಳಗಡೆ ಚಿಲಕವಿಲ್ಲ ಎಂದು ಮೊದಲ ಅರ್ಜಿ. ಚಿಲಕ ಬಂತು, ಮೊಳೆ ಬಂದಿಲ್ಲ ಎಂದು ಎರಡನೆಯದು. ಮೊಳೆಯೂ ಬಂತು, ಹೊಡೆಯುವವರು ಬಂದಿಲ್ಲ ಎಂದು ಮೂರನೆಯದು. ನಾಲ್ಕನೆಯದರಲ್ಲಿ ಏನಿತ್ತು ಗೊತ್ತೇ? ಚಿಲಕ ಹಾಕಿಸಿದ್ದಕ್ಕೆ ಧನ್ಯವಾದ! ಅದಕ್ಕೂ ಕಚೇರಿಯಲ್ಲಿ ಸಿಕ್ಕಾ, ಅಂದರೆ ಮೊಹರು, ಒತ್ತಿಸಿಕೊಂಡು ಬಂದಳು. ಕಚೇರಿಯ ಗುಮಾಸ್ತರು ಧನ್ಯವಾದದ ಅರ್ಜಿಯನ್ನು ಯಾವ ಫೈಲಿಗೆ ಸೇರಿಸಬೇಕೆಂದು ತಿಳಿಯದೆ ಎರಡು ದಿನ ಮೇಜಿನ ಮೇಲೇ ಇಟ್ಟುಕೊಂಡಿದ್ದರಂತೆ.

ಸಿಕ್ಕಾ ಬಿದ್ದ ಪ್ರತಿಗಳನ್ನು ಅವಳು ಲ್ಯಾಮಿನೇಷನ್ ಮಾಡಿಸುತ್ತಾಳೆ. "ಹುಡುಗರು ಎಣ್ಣಿಗೈ ಹಚ್ಚತಾವ, ಹಾಳೆ ಹಾಳಾಗತೈತಿ" ಎನ್ನುವುದು ಕಾರಣ. ಅವಳ ಮನೆಯ ಪಡಸಾಲೆಗೆ ಹೋದರೆ ಬೇರೆಯವರ ಮನೆಯಲ್ಲಿ ದೇವರ ಕ್ಯಾಲೆಂಡರು ಇರುವ ಕಡೆ ಇವಳ ಅರ್ಜಿಗಳು ಹೊಳೆಯುತ್ತಿರುತ್ತವೆ. ಭಾವ ಗದ್ದೆ ಮಾಡುವ ಮನುಷ್ಯ, ಮಾತು ಕಡಿಮೆ. ಒಮ್ಮೆ ನಾನು ಹೋದಾಗ ಪಾಪ, ಕಟ್ಟೆಯ ಮೇಲೆ ಕೂತಿದ್ದರು. ಅಕ್ಕ ಫೋನಿನಲ್ಲಿ ಯಾರಿಗೋ ಕಾಂಪೌಂಡು ಗೋಡೆಯ ವಿಷಯ ಹೇಳುತ್ತಿದ್ದಳು. "ಭಾವಾ, ಚಾ ಆತೇನ್ರಿ?" ಅಂದೆ. "ಅರ್ಜಿ ಕೊಟ್ಟು ಒಂದ ತಾಸಾತು. ಇನ್ನ ಇನ್‌ವರ್ಡ್ ನಂಬರ್ ಬಿದ್ದಿಲ್ಲ" ಅಂದರು.

ಇನ್ನು ನನ್ನ ಅವಮಾನದ ಕಥೆಗೆ ಬರುತ್ತೇನೆ. ನನ್ನ ಮಗಳು ಗಂಗಾವತಿಯಲ್ಲಿ ಇಂಗ್ಲಿಷ್ ಮೀಡಿಯಂ ಶಾಲೆಗೆ ಹೋಗುತ್ತಾಳೆ. ಟೈ ಇದೆ, ಬೂಟು ಇದೆ, ಮನೆಯ ಬಾಗಿಲಿಗೆ ಹಳದಿ ವ್ಯಾನು ಬರುತ್ತದೆ. ಸರ್ಕಾರಿ ಶಾಲೆಗಾಗಿ ಊರೂರು ಅಲೆಯುವವಳ ಸ್ವಂತ ತಮ್ಮ ಹೀಗೆ ಮಾಡಿದರೆ ಅವಳು ಬಿಟ್ಟಾಳೆಯೇ? ಒಂದು ದಿನ ಮನೆಗೆ ಬಂದವಳು ಮಗಳನ್ನು ಮುಂದೆ ಕೂರಿಸಿಕೊಂಡಳು.

"ಯವ್ವಾ, ನಲವತ್ತೇಳು ಬರಿ ನೋಡೂಣು."

ಮಗಳು ಪೆನ್ಸಿಲು ಕಚ್ಚುತ್ತ ಸ್ವಲ್ಪ ಹೊತ್ತು ಯೋಚಿಸಿ, "ಅತ್ತೀ, ಅದು ಇಂಗ್ಲಿಷ್‌ನಲ್ಲಿ ಎಷ್ಟು?" ಅಂದಳು.

ಅಕ್ಕ ನನ್ನ ಕಡೆ ತಿರುಗಿದಳು. "ಲೇ, ಕೂಸಿಗೆ ಎಣಸಾಕ ಬರೂದಿಲ್ಲ ಅಂತಲ್ಲ. ಕನ್ನಡದಾಗ ನಲವತ್ತೇಳು ಇಲ್ಲ ಅಂತ ತಿಳಕೊಂಡೈತಿ ನೋಡು!" ನನ್ನ ಹೆಂಡತಿ ಒಳಗೆ ಪಾತ್ರೆ ತೊಳೆಯುವ ಸದ್ದು ಜೋರು ಮಾಡಿದಳು. ಅವತ್ತಿನಿಂದ ನಾನು ದಿನಾ ಸಂಜೆ ಮಗಳಿಗೆ ಕನ್ನಡದ ಮಗ್ಗಿ ಹೇಳಿಸುತ್ತೇನೆ. ಹದಿಮೂರರದ್ದು ನನಗೇ ಬರುವುದಿಲ್ಲ ಎನ್ನುವುದು ಹೊರಬಿದ್ದು ಈಗ ಇಬ್ಬರೂ ಕಲಿಯುತ್ತಿದ್ದೇವೆ.

ಇಷ್ಟೆಲ್ಲ ಚಿಲಕ, ಸಾಂಬಾರಿನ ಕೆಲಸಗಳು ಅಕ್ಕನಿಗೆ ಎಡಗೈ ಆಟ. ಅವಳು ನಿಜವಾಗಿ ಹಟ ಹಿಡಿದದ್ದು ಎಂಟನೇ ತರಗತಿಗೆ. ಆ ಊರಿನ ಶಾಲೆ ಏಳನೆಯದಕ್ಕೆ ಮುಗಿಯುತ್ತದೆ. ಮುಂದೆ ಓದಬೇಕೆಂದರೆ ಕಾಲುವೆಯ ದಾರಿ ಹಿಡಿದು ಬೇರೆ ಊರಿಗೆ ಹೋಗಬೇಕು. ಗಂಡುಹುಡುಗರು ಸೈಕಲ್ಲಿನಲ್ಲಿ, ಟ್ರ್ಯಾಕ್ಟರಿನ ಹಿಂದೆ ಜೋತುಬಿದ್ದು ಹೇಗೋ ಹೋಗಿಬಿಡುತ್ತಾರೆ. ಹುಡುಗಿಯರ ಓದು ಏಳಕ್ಕೇ ನಿಲ್ಲುತ್ತದೆ. ಅವರನ್ನು ಭತ್ತದ ನಾಟಿಗೆ ಕರೆದುಕೊಂಡು ಹೋಗುತ್ತಾರೆ, ಇಲ್ಲವೇ ಮನೆಯಲ್ಲಿ ತಮ್ಮಂದಿರನ್ನು ನೋಡಿಕೊಳ್ಳಲು ಬಿಡುತ್ತಾರೆ. ಆ ವರ್ಷ ಏಳನೆಯದರಲ್ಲಿ ಹನ್ನೊಂದು ಹುಡುಗಿಯರಿದ್ದರು. ಬೇಸಿಗೆ ರಜೆ ಮುಗಿಯುವುದರೊಳಗೆ ಎಂಟನೇ ತರಗತಿ ಮಂಜೂರಾಗದಿದ್ದರೆ ಹನ್ನೊಂದೂ ಗದ್ದೆಗೆ ಇಳಿಯುತ್ತವೆ ಎಂದು ಅಕ್ಕನಿಗೆ ಗೊತ್ತಿತ್ತು. ಅವರಲ್ಲಿ ಒಬ್ಬಳು ಸಮಿತಿಯ ಉಪಾಧ್ಯಕ್ಷೆ ಖಾಜಾಬಿಯ ಮಗಳು ಮುಮ್ತಾಜ್. ಖಾಜಾಬಿ ಊರಿನ ಹೆಂಗಸರ ಜಂಪರು ಹೊಲಿಯುವಾಕೆ. ಮಗಳನ್ನೂ ಆಗಲೇ ಹೊಲಿಗೆ ಮಷೀನಿಗೆ ಕೂರಿಸಲು ಶುರುಮಾಡಿದ್ದಳು.

"ನಿನ್ನ ಮಗಾ ಗಂಡಹುಡುಗ, ಸೈಕಲ್ ಮ್ಯಾಲ ಹೋಗ್ತಾನ. ನಿನಗ್ಯಾಕ ಬೇಕವ್ವಾ ಈ ಉಸಾಬರಿ?" ಎಂದು ಊರವರು ಎಷ್ಟೋ ಸಲ ಕೇಳಿದರು. ಎಲ್ಲದಕ್ಕೂ ಉತ್ತರ ಇಟ್ಟುಕೊಂಡಿರುವ ಅಕ್ಕ ಆ ಒಂದು ಪ್ರಶ್ನೆಗೆ ಉತ್ತರ ಕೊಟ್ಟದ್ದನ್ನು ನಾನು ಕೇಳಿಲ್ಲ.

ಮೊದಲು ಗ್ರಾಮಸಭೆಯಲ್ಲಿ ಪ್ರಯತ್ನ ಮಾಡಿದಳು. ಅಲ್ಲಿಗೆ ಎಲ್ಲ ಇಲಾಖೆಯವರೂ ಬರಬೇಕು. ಬರುವುದಿಲ್ಲ. ಅಕ್ಕ ಶಾಲೆಯಿಂದ ಒಂದು ಹಳೆಯ ಹಾಜರಿ ಪುಸ್ತಕ ತಂದವಳೇ ಎದ್ದು ನಿಂತು ಹೆಸರು ಕರೆಯಲು ಶುರುಮಾಡಿದಳು! "ಪಿಡಿಒ ಸಾಹೇಬ್ರು?" ಪಾಪ, ಅವರು ಯಾವ ಕಾಲದ ಅಭ್ಯಾಸವೋ, "ಹಾಜರ್ ಮೇಡಂ" ಎಂದುಬಿಟ್ಟರು. "ಕರೆಂಟಿನವ್ರು?" ಒಬ್ಬರು ಕೈ ಎತ್ತಿದರು. "ಸಾಲಿ ಇಲಾಖೆಯವ್ರು?" ಸದ್ದಿಲ್ಲ. "ಹೋದ ಸಲಾನೂ ಬಂದಿಲ್ಲ, ಈ ಸಲಾನೂ ಬಂದಿಲ್ಲ" ಎಂದು ಅಕ್ಕ ಪುಸ್ತಕದಲ್ಲಿ ಗೀಚಿದಳು. ಮರುದಿನ ನನ್ನ ಅಂಗಡಿಯಿಂದ ಹೊರಟ ಪತ್ರದಲ್ಲಿ, ಎರಡು ಸಭೆಗೆ ಗೈರುಹಾಜರಾದವರು ಮುಂದಿನ ಸಭೆಗೆ ತಮ್ಮ ಪಾಲಕರನ್ನು ಕರೆದುಕೊಂಡು ಬರತಕ್ಕದ್ದು ಎಂದು ಬರೆದಿತ್ತು. ನಾನು ಟೈಪ್ ಮಾಡಲಾರೆ ಎಂದೆ. "ನೀ ಮಾಡದಿದ್ರ ಬಾಜೂ ಅಂಗಡಿಯಾಗ ಮಾಡಸ್ತೀನಿ" ಎಂದಳು. ಗಿರಾಕಿ ಕೈಬಿಟ್ಟು ಹೋಗುತ್ತದಲ್ಲ, ಮಾಡಿದೆ.

ಈಗ ಎತ್ತಿನ ವಿಷಯ. ನಮ್ಮ ಕಡೆಯವರಲ್ಲದವರಿಗೆ ಎರಡು ಮಾತು ಬಿಡಿಸಿ ಹೇಳಬೇಕು. ನಾವು ಶಾಲೆಗೆ ಸಾಲಿ ಅನ್ನುತ್ತೇವೆ. ಏಳನೇ ತರಗತಿಗೆ ಏಳನೇತ್ತ, ಎಂಟನೇ ತರಗತಿಗೆ ಎಂಟನೇತ್ತ ಅನ್ನುತ್ತೇವೆ. ಆ 'ತ್ತ' ಎಲ್ಲಿಂದ ಬಂತೋ ಗೊತ್ತಿಲ್ಲ, ಅದರಲ್ಲೇ ಓದಿ ಪಾಸಾಗಿದ್ದೇವೆ.

ಎಲ್ಲ ಇಲಾಖೆಯ ಅರ್ಜಿಗಳನ್ನೂ ಒಂದೇ ಕಡೆ ತೆಗೆದುಕೊಳ್ಳುವ ದಿನವೊಂದು ಗೊತ್ತಾಗಿತ್ತು. ಅಕ್ಕ ಬೆಳಿಗ್ಗೆಯೇ ಅಂಗಡಿಗೆ ಬಂದಳು. ನಾನು ಎಂದಿನಂತೆ 'ಮಾನ್ಯರೇ, ಮೇಲ್ಕಾಣಿಸಿದ ವಿಷಯಕ್ಕೆ ಸಂಬಂಧಿಸಿದಂತೆ' ಎಂದು ಶುರುಮಾಡಿದೆ.

"ಅದನ್ನ ತಗಿ. ನಿನ್ನ ಪುಸ್ತಕದ ಮಾತಿನ್ಯಾಗ ಬರದು ಬರದು ಒಂದೂ ಕೆಲಸ ಆಗಿಲ್ಲ. ಈ ಸಲ ನಾ ಹೇಳಿದ್ಹಂಗ ಬರಿ."

"ಅಕ್ಕಾ, ಸಾಹೇಬ್ರು ನಗ್ತಾರ."

"ನಗಲಿ. ನಗೂದಕ್ಕಾದ್ರೂ ಓದ್ತಾರಲ್ಲ!"

ಹೇಳಿದಂತೆ ಬರೆದೆ. ಅವಳು ಪರದೆಯೊಳಗೆ ಇಣುಕಿ, "ಎಂಟನೇತ್ತ ಅಂತ ಕೂಡಿಸಿ ಬರದ್ರ ಹೊಸಬರಿಗೆ ತಿಳಿಯೂದಿಲ್ಲ, ಬಿಡಿಸಿ ಬರಿ" ಅಂದಳು. ಹಿಂದೆ ಐದಾರು ಗಿರಾಕಿಗಳು ಆಧಾರ್ ಕಾರ್ಡು ಹಿಡಿದು ನಿಂತಿದ್ದರು. ಬಿಡಿಸಿದೆ. ಒಳ್ಳೆಯ ಟೈಪಿಸ್ಟ್ ನಾನು, ಎಲ್ಲ ಕಡೆಯೂ ಬಿಡಿಸಿದೆ. ಅರ್ಜಿ ಹೀಗೆ ಹೊರಟಿತು:

'ವಿಷಯ: ನಮ್ಮ ಸಾಲಿಗೆ ಎಂಟನೇ ಎತ್ತ ಕೊಡುವ ಬಗ್ಗೆ. ಸಾಹೇಬರೇ, ನಮ್ಮೂರಾಗ ಏಳನೇ ಎತ್ತ ತನಕ ಐತಿ. ಎಂಟನೇ ಎತ್ತ ಇಲ್ಲದ್ದಕ್ಕ ಹೆಣ್ಣುಮಕ್ಕಳು ಗದ್ದಿ ಕೆಲಸಕ್ಕ ಹೋಗಾಕ ಹತ್ಯಾರ. ನೋಡಾಕ ಆಗವಲ್ದು. ಕಾರಣ ಮಳಿಗಾಲದೊಳಗ ಎಂಟನೇ ಎತ್ತ ಮಂಜೂರ್ ಮಾಡಬೇಕು. ಅಧ್ಯಕ್ಷರು.'

ನೀವೇ ಹೇಳಿ, ಇದನ್ನು ಓದಿದ ದೂರದ ಊರಿನ ಗುಮಾಸ್ತರದು ಏನು ತಪ್ಪು? ಉಳುವ ಸಾಲಿಗೆ ಎತ್ತು ಕೇಳಿದ್ದಾರೆ, ಎತ್ತಿಲ್ಲದೆ ಹೆಣ್ಣುಮಕ್ಕಳು ಗದ್ದೆಯಲ್ಲಿ ದುಡಿಯುತ್ತಿದ್ದಾರೆ, ಮಳೆಗಾಲ ಹತ್ತಿರ ಬಂದಿದೆ, ಎಲ್ಲವೂ ತಾಳೆಯಾಗುತ್ತದೆ! ಅವರ ಕಣ್ಣಲ್ಲಿ ನೀರು ಬಂದಿದ್ದರೂ ಆಶ್ಚರ್ಯವಿಲ್ಲ. ಕೂಡಲೇ 'ತುರ್ತು' ಎಂದು ಕೆಂಪು ಶಾಯಿಯಲ್ಲಿ ಬರೆದು ಅರ್ಜಿಯನ್ನು ಪಶುಪಾಲನಾ ಇಲಾಖೆಗೆ ಕಳಿಸಿಕೊಟ್ಟರು.

ಹತ್ತು ದಿನದ ಮೇಲೆ ಶಾಲೆಯ ಮುಂದೆ ಒಂದು ಮೋಟಾರ್ ಸೈಕಲ್ ಬಂದು ನಿಂತಿತು. ಪಶುವೈದ್ಯರು. ಅಕ್ಕ ಬಟ್ಟಲು ಹಿಡಿದು ಸಾಂಬಾರಿನ ಮುಂದೆ ನಿಂತಿದ್ದಳು.

"ಅಧ್ಯಕ್ಷರು ಯಾರ್ರಿ?"

"ನಾನ್ರಿ."

"ಎತ್ತ ಎಲ್ಲಿ ಕಟ್ಟೀರಿ?"

"ಯಾವ ಎತ್ತ್ರಿ?"

"ಏಳು ಅದಾವಂತ ಬರದೀರಲ್ರಿ ಯವ್ವಾ. ನಂಗೊಂದ ತಿಳಿವಲ್ದು ನೋಡ್ರಿ. ಎತ್ತ ಅಂದ್ರ ಜೋಡಿ ಇರತಾವ. ಏಳನೇದರ ಜೋಡಿ ಸತ್ತೈತೇನ್ರಿ?"

ಹೆಡ್ಮಾಸ್ತರು ಅರ್ಜಿ ಕೈಗೆ ತೆಗೆದುಕೊಂಡು ಓದಿದರು. ಓದಿ, ಕಂಬ ಹಿಡಿದುಕೊಂಡು ಕೂತುಬಿಟ್ಟರು. ಬಸಮ್ಮ ಸೆರಗು ಬಾಯಿಗಿಟ್ಟುಕೊಂಡಳು. ಅಕ್ಕ ಮಾತ್ರ ನಗಲಿಲ್ಲ. "ಬರ್ರಿ, ತೋರಸ್ತೀನಿ" ಎಂದು ವೈದ್ಯರನ್ನು ನೇರ ಏಳನೇ ತರಗತಿಯೊಳಗೆ ಕರೆದುಕೊಂಡು ಹೋಗಿ ಹನ್ನೊಂದು ಹುಡುಗಿಯರನ್ನು ಎದ್ದು ನಿಲ್ಲಿಸಿದಳು. "ಇವ್ರ ನೋಡ್ರಿ ನಮ್ಮ ಏಳನೇತ್ತ. ಎಂಟನೇತ್ತ ಬರಲಿಲ್ಲಂದ್ರ ಇವ್ರನ್ನ ನಿಮ್ಮ ಎತ್ತಿನ ಬಾಜೂನ ಹೂಡ್ತಾರ್ರಿ."

ವೈದ್ಯರು ಮೊದಲು ನಕ್ಕರು, ಆಮೇಲೆ ಹುಡುಗಿಯರನ್ನು ಒಬ್ಬೊಬ್ಬರಾಗಿ ಎಣಿಸಿದರು. ಒಳ್ಳೆಯ ಮನುಷ್ಯ. ಅಲ್ಲೇ ಬೆಂಚಿನ ಮೇಲೆ ಕೂತು ವರದಿ ಬರೆದರು. ಅದರ ಪ್ರತಿ ಈಗಲೂ ಅಕ್ಕನ ಮನೆಯ ಗೋಡೆಯ ಮೇಲಿದೆ: 'ಸ್ಥಳ ಪರಿಶೀಲನೆ ಮಾಡಲಾಯಿತು. ಎತ್ತುಗಳು ಕಂಡುಬಂದಿರುವುದಿಲ್ಲ. ಏಳನೇ ತರಗತಿಯಲ್ಲಿ ಹನ್ನೊಂದು ಹೆಣ್ಣುಮಕ್ಕಳು ಕಂಡುಬಂದಿದ್ದು, ಎಲ್ಲರೂ ಆರೋಗ್ಯವಾಗಿರುತ್ತಾರೆ. ಇವರಿಗೆ ಎಂಟನೇ ತರಗತಿ ಅವಶ್ಯವಿರುತ್ತದೆ.' ಕೆಳಗೆ ಸಹಿ, ಸಿಕ್ಕಾ. ಹೊರಟವರನ್ನು ಅಕ್ಕ ಹಾಗೇ ಬಿಟ್ಟಾಳೆಯೇ? "ಹೆಂಗೂ ಬಂದೀರಿ, ನಮ್ಮ ಆಕಳಿಗೊಂದು ಸೂಜಿ ಹಾಕಿ ಹೋಗ್ರಿ" ಎಂದು ಮನೆಗೆ ಕರೆದುಕೊಂಡು ಹೋದಳು.

ಸುದ್ದಿ ಸಂಜೆಯೊಳಗೆ ಗಂಗಾವತಿ ಮುಟ್ಟಿತು. ನನ್ನ ಅಂಗಡಿಗೆ ಬಂದವರೆಲ್ಲ, "ಎಂಟನೇ ಎತ್ತ ಬಂತೇನ್ರಿ?" ಎಂದು ಕೇಳುವವರೇ. ನಾನು ಮುಖ ಮುಚ್ಚಿಕೊಂಡು ಓಡಾಡಿದೆ. ಅಕ್ಕ ಏನು ಮಾಡಿದಳು? ಪಶುವೈದ್ಯರ ವರದಿಗೆ ಲ್ಯಾಮಿನೇಷನ್ ಮಾಡಿಸಿಕೊಂಡು, "ಕಾಗದ ದಾರಿ ತಪ್ಪತೈತಿ. ನಾ ತಪ್ಪೂದಿಲ್ಲ" ಎಂದು ಖಾಜಾಬಿಯನ್ನೂ ನನ್ನನ್ನೂ ಹೊರಡಿಸಿಕೊಂಡು ಕೊಪ್ಪಳದ ಬಸ್ಸು ಹತ್ತಿದಳು.

ಕೊಪ್ಪಳದ ಶಿಕ್ಷಣ ಇಲಾಖೆಯ ಕಚೇರಿಯ ಬೆಂಚಿನ ಮೇಲೆ ಆಗಲೇ ಇಬ್ಬರು ಕೂತಿದ್ದರು. ಒಬ್ಬಾಕೆ ಕುಷ್ಟಗಿ ಕಡೆಯವಳು, ಗಣಿತದ ಮಾಸ್ತರು ಬೇಕೆಂದು ಬಂದವಳು. ಇನ್ನೊಬ್ಬಾಕೆ ಯಲಬುರ್ಗಾ ಕಡೆಯವಳು, ಶಾಲೆಯ ಮಾಳಿಗೆ ಸೋರುತ್ತದೆಂದು ಬಂದವಳು. ಇಬ್ಬರೂ ಅವರವರ ಊರಿನ ಎಸ್‌ಡಿಎಂಸಿಯವರೇ! ಒಂದು ಊರಿಗೆ ಒಬ್ಬಳೇ ಇಂಥವಳು ಎಂದು ನಾನು ತಿಳಿದಿದ್ದೆ, ತಾಲ್ಲೂಕಿಗೊಬ್ಬಳು ಹುಟ್ಟಿಕೊಂಡಿದ್ದಾಳೆ ಎಂದು ಅವತ್ತು ಗೊತ್ತಾಯಿತು. ಗಂಟು ಬಿಚ್ಚಿದರು. ಸಜ್ಜೆ ರೊಟ್ಟಿ, ಶೇಂಗಾ ಚಟ್ನಿ, ಪುಂಡಿಪಲ್ಯ ಹೊರಬಂದವು. ಸಾಹೇಬರ ಬಾಗಿಲಿನ ಜವಾನನಿಗೂ ಎರಡು ರೊಟ್ಟಿ ಹೋಯಿತು. ಅಲ್ಲಿಯವರೆಗೆ "ಸಾಹೇಬ್ರು ಮೀಟಿಂಗಿನ್ಯಾಗ ಅದಾರ" ಎನ್ನುತ್ತಿದ್ದವನು ಚಟ್ನಿ ನೆಕ್ಕುತ್ತ, "ಒಳಗ ಒಬ್ರ ಅದಾರ್ರಿ, ಹೋಗ್ರಿ" ಅಂದ.

ಸಾಹೇಬರು ಮೈಸೂರು ಕಡೆಯವರು. ವರದಿಯನ್ನು ಓದುತ್ತ ಓದುತ್ತ ಕನ್ನಡಕ ತೆಗೆದರು. "ಓಹೋ, ಆ ಎತ್ತಿನ ಅರ್ಜಿಯವರು ನೀವೇನಾ? ನಮ್ಮ ಮೀಟಿಂಗಲ್ಲೆಲ್ಲ ಅದೇ ಮಾತು ಕಣಮ್ಮ" ಎಂದು ನಕ್ಕರು. ಆಮೇಲೆ ಕೇಳಿದರು: "ನಿಮ್ಮ ಮಗಳು ಏಳನೇ ಕ್ಲಾಸಾ?"

"ಇಲ್ರೀ. ಮಗಾ ಒಬ್ಬನ ಅದಾನ್ರಿ. ಅಂವ ಸೈಕಲ್ ಮ್ಯಾಲ ಹೋಗ್ತಾನ್ರಿ."

"ಮತ್ತೆ ಯಾರಿಗಮ್ಮ ಇಷ್ಟೊಂದು ಓಡಾಟ?"

ಅಕ್ಕ ಹೆಸರು ಹೇಳತೊಡಗಿದಳು. ಅನ್ನಪೂರ್ಣ, ಈರಮ್ಮ, ಗಂಗಮ್ಮ, ಮುಮ್ತಾಜ್... ಹಾಜರಿ ಪುಸ್ತಕದ ಅನುಕ್ರಮದಲ್ಲಿ, ಹನ್ನೊಂದನ್ನೂ. ಯಾವ ಕಾಗದವನ್ನೂ ನೋಡಲಿಲ್ಲ. ಸಾಹೇಬರು ನಗು ನಿಲ್ಲಿಸಿ ಬರೆದುಕೊಂಡರು. ಎಷ್ಟೋ ಊರುಗಳ ಅರ್ಜಿಗಳ ನಡುವೆ ಆ ಕಚೇರಿಯಲ್ಲಿ ಎಲ್ಲರಿಗೂ ನೆನಪಿದ್ದ ಫೈಲು ಅದೊಂದೇ ಎಂದು ಜವಾನ ಆಮೇಲೆ ನನಗೆ ಫೋನ್ ಮಾಡಿ ಹೇಳುತ್ತಿದ್ದ. ಯಾವ ಮೇಜಿಗೆ ಹೋದರೂ, "ಎಂಟನೇ ಎತ್ತು ಬಂತು, ದಾರಿ ಬಿಡಿ" ಎನ್ನುತ್ತ ಮುಂದಕ್ಕೆ ದಾಟಿಸುತ್ತಿದ್ದರಂತೆ.

ಶಾಲೆ ಶುರುವಾಗಲು ಒಂದು ವಾರವಿದೆ ಎನ್ನುವಾಗ ಆದೇಶ ಬಂತು. ಹೆಡ್ಮಾಸ್ತರು ಅದನ್ನು ನನ್ನ ಫೋನಿಗೆ ಕಳಿಸಿದರು. ನಾನು ದೊಡ್ಡ ಅಕ್ಷರದಲ್ಲಿ ಪ್ರಿಂಟ್ ತೆಗೆದುಕೊಂಡು, ಅಂಗಡಿಗೆ ಬಾಗಿಲು ಹಾಕಿ, ಗಾಡಿ ಹತ್ತಿ ಸಂಜೆಯ ಹೊತ್ತಿಗೆ ಅಕ್ಕನ ಮನೆ ಮುಟ್ಟಿದೆ. ಖಾಜಾಬಿ ಅಲ್ಲೇ ಇದ್ದಳು. ಆದೇಶ ಓದಿ ಹೇಳಿದ ಕೂಡಲೇ ಅವಳು ಅಕ್ಕನ ಎರಡೂ ಕೈ ಹಿಡಿದುಕೊಂಡು, "ಯಾ ಅಲ್ಲಾ! ಮುಮ್ತಾಜ್‌ನ ಮಷೀನಿಗೆ ಕುಂದ್ರಿಸಿಬಿಟ್ಟಿದ್ದೆ ಅಕ್ಕಾ, ಈಗ ಎಬ್ಬಿಸ್ತೀನಿ" ಎಂದು ಅತ್ತಳು, ಮಗಳಿಗೆ ಹೇಳಲು ಓಡಿದಳು. ಭಾವ ಯಾರೂ ಹೇಳದೆ ತಾವೇ ಒಳಗೆ ಹೋಗಿ ಚಹಾಕ್ಕಿಟ್ಟರು.

ಅಕ್ಕ ಕುಣಿಯುತ್ತಾಳೆ ಎಂದುಕೊಂಡಿದ್ದೆ. ಧನ್ಯವಾದದ ಅರ್ಜಿ ಈಗಲೇ ಬರಿ ಅನ್ನುತ್ತಾಳೆ ಎಂದುಕೊಂಡಿದ್ದೆ. ಅವಳು ಕಟ್ಟೆಯ ಮೇಲೆ ಕೂತು ಆ ಹಾಳೆಯ ಮೇಲೆ ಕೈಯಾಡಿಸುತ್ತಿದ್ದಳು. ಆಮೇಲೆ ಮೆಲ್ಲಗೆ, ಯಾರಿಗೂ ಕೇಳಿಸಬಾರದೆಂಬಂತೆ ಕೇಳಿದಳು.

"ತಮ್ಮಾ, ನೀ ಓದೀಯಲ್ಲ. ಎಂಟನೇತ್ತದಾಗ ಏನೇನ ಕಲಸ್ತಾರೋ?"

ನಾನು ನಗಲು ಹೋದೆ. ಅಷ್ಟರಲ್ಲಿ ನಮ್ಮೂರಿನ ಹಳ್ಳದ ದಾರಿ ನೆನಪಾಯಿತು.

ನಮ್ಮ ಹುಟ್ಟೂರು ಯಲಬುರ್ಗಾ ಕಡೆಯದು. ಅಲ್ಲಿಯ ಶಾಲೆಯೂ ಏಳನೇತ್ತಕ್ಕೇ ಮುಗಿಯುತ್ತಿತ್ತು. ಅಕ್ಕ ನನಗಿಂತ ಎರಡು ವರ್ಷ ದೊಡ್ಡವಳು, ನನಗಿಂತ ನಾಲ್ಕು ಪಟ್ಟು ಜಾಣೆ. ಏಳನೇತ್ತದಲ್ಲಿ ಶಾಲೆಗೇ ಮೊದಲು ಬಂದಳು. ಎಂಟನೇತ್ತಕ್ಕೆ ಹಳ್ಳ ದಾಟಿ ಮುಂದಿನ ಊರಿಗೆ ಹೋಗಬೇಕಿತ್ತು. "ಹೆಣ್ಣಹುಡುಗಿ ಹಳ್ಳದ ದಾರಿಯಾಗ ಒಬ್ಬಾಕಿ ಹೆಂಗ ಹೋಗ್ತಾಳ?" ಎಂದರು ಅಪ್ಪ. ಅಷ್ಟಕ್ಕೇ ಮುಗಿಯಿತು. ಎರಡು ವರ್ಷದ ಮೇಲೆ ನನ್ನ ಸರದಿ ಬಂತು. ನನ್ನನ್ನು ಯಾರೂ ಏನೂ ಕೇಳಲಿಲ್ಲ, ಹೊಸ ಚೀಲ ಹೊಲಿಸಿಕೊಟ್ಟರು. ಆದರೆ ನಾನು ಹೆದರುಪುಕ್ಕ. ಹಳ್ಳದ ದಾರಿಯ ನಾಯಿಗಳಿಗೆ ಹೆದರಿ ಅತ್ತೆ. ಆಗ ಅಪ್ಪ, "ಅಕ್ಕನ್ನ ಜೋಡಿ ಕಳಸ್ತೀನಿ, ಅಳಬ್ಯಾಡ" ಎಂದರು. ಒಂದು ವರ್ಷ ಪೂರ್ತಿ ಅಕ್ಕ ದಿನಾ ಬೆಳಿಗ್ಗೆ ನನ್ನ ಚೀಲ ಹೊತ್ತು ಹಳ್ಳ ದಾಟಿಸಿ ಶಾಲೆಯ ಗೇಟಿಗೆ ಬಿಟ್ಟು ಬರುತ್ತಿದ್ದಳು. ಹುಡುಗಿ ಒಬ್ಬಳೇ ಹೋಗಬಾರದ ದಾರಿಯಲ್ಲಿ ದಿನಾ ಒಬ್ಬಳೇ ವಾಪಸು ಹೋಗುತ್ತಿದ್ದಳು! ನಮ್ಮ ಮನೆಯಲ್ಲಿ ಯಾರಿಗೂ ಅದು ವಿಚಿತ್ರ ಅನ್ನಿಸಲಿಲ್ಲ. ನನಗೂ ಅನ್ನಿಸಲಿಲ್ಲ. ಆ ಸಂಜೆ ಕಟ್ಟೆಯ ಮೇಲೆ ಕೂತು ಅವಳು ಹಾಗೆ ಕೇಳುವವರೆಗೆ ಒಮ್ಮೆಯೂ ಅನ್ನಿಸಿರಲಿಲ್ಲ. ನನಗೆ ನನ್ನ ಮೇಲೇ ನಾಚಿಕೆಯಾಯಿತು.

"ಹೇಳೋ" ಅಂದಳು ಅಕ್ಕ. "ಗೇಟಿನ ತನಕ ಬಂದೀನಿ, ಒಳಗ ಏನ್ ನಡೀತಿತ್ತಂತ ಗೊತ್ತಿಲ್ಲ."

ನನಗೆ ಅಲ್ಲೊಂದು ಇಲ್ಲೊಂದು ಮಾತ್ರ ನೆನಪಿತ್ತು. ಅವಳ ಪಾಲಿನದನ್ನೂ ಸೇರಿಸಿ ಓದಬೇಕಾಗಿದ್ದವನು ಹಿಂದಿನ ಬೆಂಚಿನಲ್ಲಿ ಕೂತು ಉಳಿದದ್ದನ್ನೆಲ್ಲ ಮರೆತು ಬಂದಿದ್ದೆ. ಆದರೂ ಹೇಳಿದೆ. ಗಣಿತದಲ್ಲಿ ಅಂಕಿಯ ಬದಲು ಅಕ್ಷರ ಬರುತ್ತವೆ ಅಂದೆ. ವಿಜ್ಞಾನದಲ್ಲಿ ಈರುಳ್ಳಿಯ ಸಿಪ್ಪೆಯನ್ನು ಗಾಜಿನ ಕೆಳಗಿಟ್ಟು ತೋರಿಸುತ್ತಾರೆ, ಅದರೊಳಗೆ ಸಣ್ಣ ಸಣ್ಣ ಮನೆಗಳು ಕಾಣುತ್ತವೆ ಅಂದೆ. ನೆನಪಿದ್ದಷ್ಟು ಹೇಳಿದೆ, ನೆನಪಿಲ್ಲದ ಕಡೆ ಕಟ್ಟಿ ಹೇಳಿದೆ. ಭಾವ ತಂದಿಟ್ಟ ಚಹಾ ಆರಿಹೋಯಿತು. ಯಾವ ಸಾಹೇಬರನ್ನೂ ಮಾತು ಮುಗಿಸಲು ಬಿಡದ ನನ್ನ ಅಕ್ಕ, ಗಲ್ಲಕ್ಕೆ ಕೈಯಿಟ್ಟುಕೊಂಡು, ನಡುವೆ ಒಂದೂ ಪ್ರಶ್ನೆ ಕೇಳದೆ, ನಾನು ಹೇಳಿದ್ದನ್ನೆಲ್ಲ ನಂಬುತ್ತ ಕೂತಿದ್ದಳು.